ಎರಡು ಕ್ಯಾನ್ ನೀರಿಗೆ ಬಿಟ್ಟುಕೊಟ್ಟ ಕ್ರ್ಯಾಂಕ್ ಪುಲ್ಲಿ ಬೋಲ್ಟ್

ಕಾರಿನ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ತಿರುಗುವ ದಂಡ) ತುದಿಗೆ ಪುಲ್ಲಿಯನ್ನು ಬಿಗಿದಿರುವ ಬೋಲ್ಟ್, ಮೂರು ವಾರ ಹಠ ಹಿಡಿದಿದ್ದು, ಕೊನೆಗೂ ಬಿಟ್ಟಿತು. ಇಂಪ್ಯಾಕ್ಟ್ ಗನ್ (ಪೆಟ್ಟು ಕೊಟ್ಟು ಬೋಲ್ಟ್ ತಿರುಗಿಸುವ ಯಂತ್ರ) ಇಲ್ಲ, ಬೆಂಕಿ ಇಲ್ಲ. ಎರಡು ಕ್ಯಾನ್ ನೀರು, ಒಂದು ಪೈಪ್. "ನೀರಿನಿಂದ ಬೋಲ್ಟ್ ಬಿಚ್ಚೋಕಾಗುತ್ತಾ?" ಅಂತ ಕೇಳಿದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಟೈಮಿಂಗ್ ಬೆಲ್ಟ್ (ಇಂಜಿನ್ನಿನ ವಾಲ್ವುಗಳನ್ನು ಕ್ರ್ಯಾಂಕಿನ ತಾಳಕ್ಕೆ ನಡೆಸುವ ಪಟ್ಟಿ) ಬದಲಿಸೋಣ ಅಂತ ಶುರು ಮಾಡಿದ ಕೆಲಸ, ಅದಕ್ಕೆ ಮೊದಲು ಈ ಪುಲ್ಲಿ ತೆಗೆಯಬೇಕು. 19 ಎಂಎಂ ಬೋಲ್ಟ್, ಪುಲ್ಲಿಯ ನಡುವೆ 50 ಎಂಎಂನ ಆರು ಮೂಲೆಯ ಗುಂಡಿ. ಮೊದಲು ಎರಡು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ದಂಡ. ಅಲ್ಲಿ ತುಕ್ಕೇ ಇರಲಿಲ್ಲ, ಹಿಡಿದಿದ್ದು ಬೋಲ್ಟಿನ ಬಿಗಿ. ಆಮೇಲೆ ಪುಲ್ಲಿ ತಿರುಗದ ಹಾಗೆ ಹಳೇ ಬೆಲ್ಟನ್ನು ಅದಕ್ಕೆ ಸುತ್ತಿ ಹಿಡಿದೆ, ಜಾರಿತು. ಜಾರಿದ್ದೇ ಒಳ್ಳೆಯದಾಯಿತು. ಪುಲ್ಲಿಯ ಹೊರಗಿನ ಬಳೆಗೂ ನಡುವಿನ ಭಾಗಕ್ಕೂ ಮಧ್ಯೆ ರಬ್ಬರ್ ಇದೆ, ಹೊರಗಡೆ ಹಿಡಿದು ಎಳೆದರೆ ಅದು ಕಿತ್ತು ಬರುತ್ತದೆ.

ಹಾಗಾಗಿ ನಡುವಿನ ಗುಂಡಿಯಲ್ಲಿ ಕೂತು ಪುಲ್ಲಿ ತಿರುಗದಂತೆ ಹಿಡಿಯುವ 50 ಎಂಎಂ ಹೋಲ್ಡರ್ ತಂದೆ. ಅರ್ಧ ಇಂಚಿನ ಚೌಕ ತಲೆಯ ಬ್ರೇಕರ್ ಬಾರಿಗೆ (ಬೋಲ್ಟ್ ಬಿಚ್ಚುವ ಉದ್ದ ಸಲಾಕೆ) ಪೈಪ್ ಹಾಕಿ ನೇತಾಡಿದೆ. ಬಾರಿನ ಚೌಕ ತಲೆಯೇ ಮುರಿಯಿತು. ಇಂಪ್ಯಾಕ್ಟ್ ಗನ್ ಬಾಡಿಗೆಗೆ ತಂದೆ. ಹತ್ತು ನಿಮಿಷ ಹೊಡೆದರೂ ಬೋಲ್ಟ್ ಮಿಸುಕಲಿಲ್ಲ. ಮುರಿದ ಬಾರ್, ಎರಡು ದಿನದ ಬಾಡಿಗೆ, ಎಣ್ಣೆ ಎಲ್ಲ ಸೇರಿ ಗ್ಯಾರೇಜಿನವರು ಕೇಳಿದ್ದ ಕೂಲಿಯ ಒಂದೂವರೆ ಪಟ್ಟು ಹೋಯಿತು. ಹೊಟ್ಟೆ ಉರಿಯಿತು, ನಿಜ. ಆದರೂ ಬಿಡಲು ಮನಸ್ಸಾಗಲಿಲ್ಲ.

ಬೋಲ್ಟಿಗೆ ಬಾರ್ ಸಿಕ್ಕಿಸಿ ಸ್ಟಾರ್ಟರ್ (ಇಂಜಿನ್ ಶುರು ಮಾಡುವ ಮೋಟಾರ್) ತಿರುಗಿಸು ಅಂತ ಒಬ್ಬ ಗೆಳೆಯ ಹೇಳಿದ. ನಾನು ಒಪ್ಪಲಿಲ್ಲ. ಬಾರ್ ಹಾರಿದರೆ ಕೈ ಹೋಗುತ್ತದೆ. ಅದೂ ಅಲ್ಲದೆ ಹೋಂಡಾದ ಹಳೇ ಬಿ, ಡಿ ಸೀರೀಸ್ ಇಂಜಿನ್‌ಗಳು ಪುಲ್ಲಿ ಕಡೆಯಿಂದ ನೋಡಿದರೆ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತವೆ. ಅವುಗಳಲ್ಲಿ ಹೀಗೆ ಮಾಡಿದರೆ ಬೋಲ್ಟ್ ಇನ್ನೂ ಬಿಗಿಯಾಗುತ್ತದೆ.

ಗನ್ ಯಾಕೆ ಸೋತಿತು ಅನ್ನುವ ಪ್ರಶ್ನೆ ತಲೆಯಲ್ಲೇ ಕೊರೆಯುತ್ತಿತ್ತು. ಇನ್ನೊಂದು ಬಾರ್ ಎರವಲು ತಂದು, ಎಕ್ಸ್‌ಟೆನ್ಷನ್ (ಬಾರನ್ನೂ ಬೋಲ್ಟಿನ ತಲೆಗೆ ಹಾಕುವ ಸಾಕೆಟ್ಟನ್ನೂ ಜೋಡಿಸುವ ರಾಡು) ಮೇಲೆ ಉದ್ದಕ್ಕೆ ಸೀಮೆಸುಣ್ಣದ ಗೆರೆ ಎಳೆದು ಒತ್ತಿ ನೋಡಿದೆ. 25 ಸೆಂಟಿಮೀಟರ್ ಉದ್ದದ ಅರ್ಧ ಇಂಚಿನ ರಾಡು 15–20 ಡಿಗ್ರಿ ತಿರುಚಿಕೊಳ್ಳುತ್ತಿತ್ತು! ಗನ್ನಿನ ಪೆಟ್ಟನ್ನೆಲ್ಲ ಅದೇ ನುಂಗುತ್ತಿತ್ತು. ಮುಕ್ಕಾಲು ಇಂಚಿನದರಲ್ಲಿ ಅದೇ ಗೆರೆ ಮೂರ್ನಾಲ್ಕು ಡಿಗ್ರಿ ಓಡಿತು, ಅಷ್ಟೇ. ಈ ಗೆರೆ ನೋಡಿದ ಮೇಲೆ ಧೈರ್ಯ ಬಂತು.

ಸಾಕೆಟ್, ಎಕ್ಸ್‌ಟೆನ್ಷನ್, ಬಾರ್ ಮೂರೂ ಮುಕ್ಕಾಲು ಇಂಚಿನವು ತಂದೆ. ಹೋಲ್ಡರಿನ ಹಿಡಿ ಎಡಗಡೆ ನೆಲದ ಮರದ ದಿಮ್ಮಿಗೆ ಆನಿಸಿದೆ. ಎಕ್ಸ್‌ಟೆನ್ಷನ್ನಿನ ಹೊರತುದಿಗೆ ಜಾಕ್ ಸ್ಟ್ಯಾಂಡ್ ಕೊಟ್ಟೆ. ಇದಿಲ್ಲದಿದ್ದರೆ ತುದಿ ಜಗ್ಗಿ ಸಾಕೆಟ್ ಓರೆಯಾಗುತ್ತದೆ. ಬಾರಿಗೆ ಹಾಕಿದ ಪೈಪನ್ನೂ ಎಡಕ್ಕೇ, ನೆಲಕ್ಕೆ ಸಮವಾಗಿ ಇಟ್ಟು, ಬೋಲ್ಟಿನಿಂದ ಒಂದೂಕಾಲು ಮೀಟರ್ ದೂರದಲ್ಲಿ ಎರಡು ಖಾಲಿ ಕ್ಯಾನ್ ನೇತುಹಾಕಿದೆ. ಕೆಳಗೆ ಒಂದು ಗೇಣು ಬಿಟ್ಟು ದಿಮ್ಮಿ ಇಟ್ಟೆ, ಬಿದ್ದರೆ ಅಷ್ಟೇ ಬೀಳಲಿ ಅಂತ. ಪೈಪು ಬಾರಿನ ಮೇಲೆ ಅಲುಗದ ಹಾಗೆ ಅದರ ಬಾಯಿಗೆ ಒಂದು ವಸ್ತು ತುರುಕಿದ್ದೆ. ಅದೇನು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆಮೇಲೆ ಪಕ್ಕದಲ್ಲಿ ನಿಂತು ಮಗ್ಗಿನಲ್ಲಿ ನೀರು ಸುರಿದೆ. ಒಂದು ಕ್ಯಾನ್ ತುಂಬಿತು, 20 ಲೀಟರ್. ಏನೂ ಆಗಲಿಲ್ಲ. ಎರಡನೆಯದರಲ್ಲಿ 14 ಲೀಟರ್ ಆಗಿರಬೇಕು, 'ಟಕ್' ಅಂತ ಸದ್ದು. ಕ್ಯಾನ್‌ಗಳು ದಿಮ್ಮಿ ಮೇಲೆ ಕೂತವು. ಬಾಕಿ ಬಿಚ್ಚಿದ್ದು ಬರೀ ಕೈಯಲ್ಲಿ. ಬೋಲ್ಟಿನ ಮೂಲೆ ಒಂದೂ ಸವೆದಿರಲಿಲ್ಲ. ಕ್ಯಾನ್, ಪೈಪುಗಳ ತೂಕ ಸೇರಿಸಿದರೆ ಬೋಲ್ಟಿಗೆ ಬಿದ್ದ ತಿರುಚುವ ಬಲ (ಟಾರ್ಕ್) ಸುಮಾರು 470 ನ್ಯೂಟನ್ ಮೀಟರ್. ಮ್ಯಾನ್ಯುಯಲ್ ಹೇಳುವ ಬಿಗಿ 245. ಹೆಚ್ಚುಕಡಿಮೆ ಎರಡರಷ್ಟು ಅಲ್ವಾ?

ವಾಪಸ್ ಬಿಗಿ ಮಾಡುವಾಗಲೂ ಇದೇ ಆಟ. ಪೈಪು ಬಲಕ್ಕೆ, ಹೋಲ್ಡರಿನ ಹಿಡಿಯೂ ಬಲಕ್ಕೆ. ಅದೇ ಒಂದೂಕಾಲು ಮೀಟರಿನಲ್ಲಿ ಒಟ್ಟು 20 ಕೆಜಿ ಭಾರ ಬರುವಷ್ಟು ನೀರು. ಆಮೇಲೆ ಟಾರ್ಕ್ ರೆಂಚ್ (ಇಟ್ಟಷ್ಟು ಬಲ ಬಿದ್ದಾಗ ಕ್ಲಿಕ್ ಅನ್ನುವ ಪಾನಾ) 245ಕ್ಕೆ ಇಟ್ಟು ನೋಡಿದೆ. ಬೋಲ್ಟ್ ಕೂದಲೆಳೆಯಷ್ಟೂ ತಿರುಗದೆ ರೆಂಚ್ 'ಕ್ಲಿಕ್' ಅಂದಿತು.