ಕೆಂಪು ಗೂಟ, ಟ್ರಂಕಿನ ಕೀಲಿ

ತುಮಕೂರಿನ ಡಿಎಆರ್‌ನಲ್ಲಿ ನಾನು ಎಆರ್‌ಎಸ್‌ಐ, ಅಂದ್ರೆ ಸಹಾಯಕ ಮೀಸಲು ಸಬ್ ಇನ್‌ಸ್ಪೆಕ್ಟರ್. ಜಿಲ್ಲಾ ಸಶಸ್ತ್ರ ಮೀಸಲು ಪಡೆ ಅಂದ್ರೆ ಗಾರ್ಡ್, ಎಸ್ಕಾರ್ಟ್, ಬಂದೋಬಸ್ತ್. ಎಫ್‌ಐಆರ್ ಬರೆಯೋದು, ಕೇಸ್ ನೋಡೋದು ಠಾಣೆಯವರ ಕೆಲಸ. ಆದರೆ ಖಾಲಿ ಸೈಟಿನಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ಈ ವ್ಯತ್ಯಾಸ ಎಲ್ಲಿ ಗೊತ್ತಿರುತ್ತೆ? 2023ರಲ್ಲಿ ಒಂದು ಸಂಜೆ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಮರಳೂರು ದಿಣ್ಣೆ ಕಡೆಯಿಂದ ಬರುತ್ತಿದ್ದೆ. ನನ್ನ ಬೈಕ್ ಕಂಡದ್ದೇ ತಡ, ಆಡುತ್ತಿದ್ದವರೆಲ್ಲ ಓಡಿದರು. ಬ್ಯಾಟು, ವಿಕೆಟ್ಟಿಗೆ ಇಟ್ಟಿದ್ದ ಇಟ್ಟಿಗೆ, ಯಾರದೋ ಒಂಟಿ ಚಪ್ಪಲಿ ಅಲ್ಲೇ ಉಳಿದವು.

ಗಾಡಿ ನಿಲ್ಲಿಸಿ ಬ್ಯಾಟ್ ಎತ್ತಿ ನೋಡಿದೆ. ತೆಂಗಿನ ಮಟ್ಟೆ ಕೆತ್ತಿ ಮಾಡಿದ್ದು. ಹಿಡಿಗೆ ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತಿದ್ದರು. ಕೈಗೆ ಎಷ್ಟು ಚೆನ್ನಾಗಿ ಕೂರುತ್ತಿತ್ತು ಗೊತ್ತಾ? ಇಷ್ಟು ನಾಜೂಕಾಗಿ ಬ್ಯಾಟ್ ಮಾಡುವ ಮಕ್ಕಳು ಏನೂ ತಪ್ಪು ಮಾಡದೇ ನನ್ನ ಬಟ್ಟೆ ನೋಡಿ ಓಡಿದರಲ್ಲ ಅಂತ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಯೋಚನೆ. ಬ್ಯಾಟು, ಚಪ್ಪಲಿ ಎರಡನ್ನೂ ಮಾರನೆ ದಿನ ಟೀ ಶರ್ಟ್ ಹಾಕ್ಕೊಂಡು ಹೋಗಿ ವಾಪಸ್ ಕೊಟ್ಟೆ.

ಇಂಥ ಹುಡುಗರಿಗಾಗಿ ನಾವು ಪೊಲೀಸರು ನಡೆಸುವ ಆಟದ ಕ್ಲಬ್ ಹುಟ್ಟಿದ್ದು ಹೀಗೆ. ಮೇಲಧಿಕಾರಿಗಳಿಗೆ ಅರ್ಜಿ ಕೊಟ್ಟೆ. ಕವಾಯತು ಮೈದಾನದ ಒಂದು ಬದಿ, ಬುಧವಾರ ಮತ್ತು ಭಾನುವಾರ ಬೆಳಿಗ್ಗೆ 6ರಿಂದ. ಶುಕ್ರವಾರ ಪರೇಡ್ ಇರುವುದರಿಂದ ಮೈದಾನಕ್ಕೆ ಒಂದು ಗೀರೂ ಬೀಳಬಾರದು ಅನ್ನುವ ಷರತ್ತು. ನನ್ನ ಜೊತೆ ನಮ್ಮ ಸಶಸ್ತ್ರ ಪಡೆಯ ಇಬ್ಬರು ಕಾನ್‌ಸ್ಟೆಬಲ್, ಸಿವಿಲ್‌ನಿಂದ, ಅಂದ್ರೆ ಠಾಣೆಯ ಪೊಲೀಸರ ಕಡೆಯಿಂದ, ಒಬ್ಬರು ಹೆಡ್ ಕಾನ್‌ಸ್ಟೆಬಲ್ ಸೇರಿದರು. ಯಾರಿಗೂ ಭತ್ಯೆ ಇಲ್ಲ.

ಮೊದಲ ದಿನವೇ ನಾವು ನಾಲ್ಕು ಜನ ಎರಡು ವಿಷಯ ತೀರ್ಮಾನ ಮಾಡಿಕೊಂಡೆವು. ಮೈದಾನಕ್ಕೆ ಖಾಕಿ ಹಾಕ್ಕೊಂಡು ಬರಬಾರದು. ಏರಿಯಾದಲ್ಲಿ ಏನು ನಡೀತಿದೆ ಅಂತ ಹುಡುಗರ ಹತ್ತಿರ ಕೇಳಬಾರದು. ಮೊದಲನೆಯದು ಹೊಸ ಮಾತೇನಲ್ಲ. 2015ರ ಬಾಲನ್ಯಾಯ ಕಾಯ್ದೆಯ ನಿಯಮಗಳೇ ಮಕ್ಕಳ ಜೊತೆ ಮಾತಾಡುವ ಪೊಲೀಸರು ಆದಷ್ಟೂ ಸಾದಾ ಬಟ್ಟೆಯಲ್ಲಿರಬೇಕು ಅನ್ನುತ್ತವೆ. ಎರಡನೆಯದು ಕಷ್ಟ. ಅದರ ಕಥೆ ಮುಂದೆ ಹೇಳುತ್ತೇನೆ.

ಶುರು ಮಾಡಿದ್ದು ಕ್ರಿಕೆಟ್‌ನಿಂದ. ನಮ್ಮೂರಲ್ಲಿ ಹುಡುಗರನ್ನು ಕರೀಬೇಕು ಅಂದ್ರೆ ಕ್ರಿಕೆಟ್ಟೇ ಸರಿ. ತಿಂಗಳೊಳಗೆ ಮೂವತ್ತು ಜನ ಆದರು. ಆಗ ಒಂದು ತೊಂದರೆ ಕಣ್ಣಿಗೆ ಬಿತ್ತು. ಇಬ್ಬರು ಬ್ಯಾಟ್ ಮಾಡುತ್ತಾರೆ, ಒಬ್ಬ ಬೌಲ್ ಹಾಕುತ್ತಾನೆ, ಉಳಿದವರು ಸುಮ್ನೆ ನಿಂತಿರುತ್ತಾರೆ. ಚೆನ್ನಾಗಿ ಆಡುವವನಿಗೇ ಜಾಸ್ತಿ ಆಟ. ಹೊಸಬ ಬೌಂಡರಿ ಹತ್ತಿರ ನಿಂತು ನಿಂತು ಮುಂದಿನ ವಾರ ಬರುವುದೇ ಇಲ್ಲ. ಅದಕ್ಕೇ ಫುಟ್‌ಬಾಲ್ ತಂದೆವು. ಒಂದು ಚೆಂಡಿಗೆ ಇಪ್ಪತ್ತೆರಡು ಜನ ಓಡುತ್ತಾರೆ. ಪ್ಯಾಡ್ ಬೇಡ, ಹೆಲ್ಮೆಟ್ ಬೇಡ. ಬುಧವಾರ ಫುಟ್‌ಬಾಲ್, ಭಾನುವಾರ ಕ್ರಿಕೆಟ್ ಅಂತ ಮಾಡಿದೆವು. ಬುಧವಾರ ಬಂದವರಿಗೆ ಮಾತ್ರ ಭಾನುವಾರ ಬ್ಯಾಟಿಂಗ್. ಮೊದಮೊದಲು ಗೊಣಗಿದರು. ಈಗ ಬುಧವಾರಕ್ಕೇ ಕಾಯುವ ಹುಡುಗರಿದ್ದಾರೆ.

ಫುಟ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ, ಕೈಯಾರೆ ಕಲಿತೆ. ಹನ್ನೆರಡು ದಾಟಿದವರಿಗೆ ಐದನೇ ನಂಬರ್ ಚೆಂಡು, ಚಿಕ್ಕವರಿಗೆ ನಾಲ್ಕು. ಗಾಳಿ ತುಂಬುವ ಸೂಜಿಯನ್ನು ಒದ್ದೆ ಮಾಡದೆ ಚುಚ್ಚಿದರೆ ಒಳಗಿನ ವಾಲ್ವ್ ಹರಿಯುತ್ತದೆ. ಮೊದಲ ಎರಡು ಚೆಂಡು ಹಾಗೇ ಹಾಳಾದವು. ಗಾಳಿ ಎಷ್ಟಿರಬೇಕು ಅನ್ನುವುದೂ ಮುಖ್ಯ. ನಿಯಮದಲ್ಲಿ 8.5ರಿಂದ 15.6 ಪಿಎಸ್‌ಐ ಅಂತಿದೆ. ನಮ್ಮದು ಗಟ್ಟಿ ಗರಸು ನೆಲ. ಜಾಸ್ತಿ ತುಂಬಿದರೆ ಚೆಂಡು ತಲೆ ಮೇಲೇ ಹಾರಾಡುತ್ತದೆ, ಕಾಲಿಗೆ ಸಿಗುವುದಿಲ್ಲ. ಒಂಬತ್ತರ ಹತ್ತಿರ ಇಟ್ಟರೆ ನೆಲದ ಮೇಲೆ ಉರುಳುತ್ತದೆ, ಪಾಸ್ ಕಲಿಸಬಹುದು. ಗೋಲ್ ಪೋಸ್ಟ್ ಜಿಐ ಪೈಪಿನದು, ಎತ್ತಿ ಸಾಗಿಸುವಂಥದ್ದು. ಇದನ್ನು ಯಾರಾದರೂ ಮಾಡಿಸುವುದಿದ್ದರೆ ಒಂದು ಮಾತು ಕೇಳಿ. ಹಿಂದಿನ ಪೈಪಿನ ಮೇಲೆ ಮರಳು ಚೀಲ ಹೇರದೆ ಒಂದು ನಿಮಿಷವೂ ಆಟ ಬೇಡ. ಮಕ್ಕಳು ಅಡ್ಡಪೈಪಿಗೆ ಜೋತುಬೀಳುತ್ತಾರೆ, ಪೋಸ್ಟ್ ಮುಂದಕ್ಕೆ ಮಗುಚುತ್ತದೆ. ತಲೆಗೆ ಬಿದ್ದರೆ ಜೀವಕ್ಕೇ ಅಪಾಯ.

ಒಂದು ದಿನ ಆಟ ಮುಗಿದು ಎಲ್ಲರೂ ತಟ್ಟೆ ಇಡ್ಲಿ ತಿನ್ನುತ್ತಿದ್ದೆವು. ಕ್ಯಾತ್ಸಂದ್ರದಿಂದ ತರಿಸಿದ್ದು. ಒಬ್ಬ ಕೇಳಿದ, ‘ಪೊಲೀಸರಲ್ಲೂ ಪ್ಲೇಯರ್ಸ್ ಇರ್ತಾರಾ ಸಾರ್?’ ಫುಟ್‌ಬಾಲ್ ಆಟಗಾರ ಐ.ಎಂ. ವಿಜಯನ್ ಕಥೆ ಹೇಳಿದೆ. ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದ ಹುಡುಗ, ಕೇರಳ ಪೊಲೀಸ್ ತಂಡಕ್ಕೆ ಸೇರಿ, ಭಾರತ ತಂಡದ ನಾಯಕನಾದವರು. ಕೇರಳ ಪೊಲೀಸ್ ತಂಡ 1990 ಮತ್ತು 1991ರಲ್ಲಿ ಫೆಡರೇಷನ್ ಕಪ್ ಗೆದ್ದಿತ್ತು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್‌ನಂಥ ಕ್ಲಬ್‌ಗಳಿದ್ದ ಕಾಲದಲ್ಲಿ ಒಂದು ಪೊಲೀಸ್ ತಂಡ! ಕ್ರಿಕೆಟ್ ಹುಡುಗರಿಗೆ ಜೋಗಿಂದರ್ ಶರ್ಮಾ. 2007ರ ಟಿ20 ವಿಶ್ವಕಪ್ ಫೈನಲ್‌ನ ಕೊನೇ ಓವರ್ ಹಾಕಿದವರು, ಆಮೇಲೆ ಹರಿಯಾಣದಲ್ಲಿ ಡಿಎಸ್‌ಪಿ ಆದರು. ಸೋಡಾ ಮಾರಿದ ವಿಷಯ ಹೇಳಿದಾಗ ಮಂಡಿಪೇಟೆಯಲ್ಲಿ ಮೂಟೆ ಹೊರುವವರ ಮಗನೊಬ್ಬ ಇಡ್ಲಿ ತಿನ್ನುವುದನ್ನೇ ಬಿಟ್ಟು ನನ್ನ ಮುಖ ನೋಡುತ್ತಿದ್ದ. 2025ರಲ್ಲಿ ವಿಜಯನ್ ಅವರಿಗೆ ಪದ್ಮಶ್ರೀ ಬಂದಾಗ ಪೇಪರ್ ತಂದು ನನಗೆ ತೋರಿಸಿದ್ದು ಅವನೇ.

ಈಗ ಆ ಎರಡನೇ ತೀರ್ಮಾನದ ಕಥೆ. ಒಂದು ಠಾಣೆಯಿಂದ ಫೋನ್ ಬಂತು. ಮೊಬೈಲ್ ಕಳ್ಳತನದ ವಿಚಾರ. ‘ನಿಮ್ಮ ಹತ್ರ ಬರೋ ಹುಡುಗರ ಲಿಸ್ಟ್ ಕೊಡಿ, ಯಾರ್ಯಾರು ಯಾರ ಜೊತೆ ಓಡಾಡ್ತಾರೆ ಸ್ವಲ್ಪ ವಿಚಾರಿಸಿ’ ಅಂದರು. ಕೊಡುವುದಿಲ್ಲ ಅಂದೆ. ತನಿಖೆ ನಿಮ್ಮದು, ಕಾನೂನು ಪ್ರಕಾರ ಮಾಡಿ, ಠಾಣೆಯಲ್ಲಿ ಮಕ್ಕಳ ಕಲ್ಯಾಣ ಅಧಿಕಾರಿ ಇದ್ದಾರೆ, ಅವರ ಮೂಲಕ ಬನ್ನಿ ಅಂದೆ. ನಮ್ಮ ಪುಸ್ತಕದಲ್ಲಿ ಹೆಸರು, ವಯಸ್ಸು, ಮನೆಯವರ ನಂಬರ್ ಬಿಟ್ಟು ಬೇರೇನೂ ಇರುವುದಿಲ್ಲ. ಮಾತು ಬಿರುಸಾಯಿತು. ನನ್ನ ಮೇಲಿನವರು ನನ್ನ ಪರ ನಿಂತರು, ಅದನ್ನು ಮರೆಯಲಾರೆ. ಆದರೂ ಸುದ್ದಿ ಹೇಗೋ ಹೊರಗೆ ಹೋಯಿತು. ನಮ್ಮ ಗೋಲ್‌ಕೀಪರ್ ಬರುವುದನ್ನೇ ನಿಲ್ಲಿಸಿದ. ಅವನಿಗೂ ಆ ಕೇಸಿಗೂ ಸಂಬಂಧವೇ ಇರಲಿಲ್ಲ, ಭಯ ಅಷ್ಟೇ. ಅವನ ತಾಯಿ ಅಂತರಸನಹಳ್ಳಿ ಮಾರ್ಕೆಟ್‌ನಲ್ಲಿ ಸೊಪ್ಪು ಮಾರುತ್ತಾರೆ. ಹೋಗಿ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೊತ್ತಂಬರಿ ಕಟ್ಟು ಬಿಗಿಯುತ್ತಲೇ ಕೇಳಿಸಿಕೊಂಡರು. ‘ಪಟ್ಟಿ ಕೊಡ್ಲಿಲ್ಲ ತಾನೆ?’ ಅಂತ ಒಂದೇ ಮಾತು ಕೇಳಿದರು. ಇಲ್ಲ ಅಂದೆ. ಮುಂದಿನ ಬುಧವಾರ ಹುಡುಗ ಬಂದ. ಪೊಲೀಸ್ ಕ್ಲಬ್ ಮಾಡುವವರಿಗೆ ಈ ವಿಷಯದಲ್ಲಿ ರಾಜಿ ಬೇಡವೇ ಬೇಡ. ಒಂದು ಸಲ ಪಟ್ಟಿ ಕೊಟ್ಟರೆ ಉಳಿಯುವುದು ಖಾಲಿ ಮೈದಾನ.

ನನ್ನಿಂದಲೂ ಒಂದು ದೊಡ್ಡ ತಪ್ಪಾಯಿತು. ಲೆದರ್ ಬಾಲ್ ಶುರು ಮಾಡಿದಾಗ ತೆಂಗಿನ ನಾರಿನ ಮ್ಯಾಟ್ ತಂದಿದ್ದೆವು. ಪಿಚ್ 22 ಗಜ, ಮ್ಯಾಟನ್ನು ಎಳೆದು ಸುತ್ತ ಕಬ್ಬಿಣದ ಗೂಟ ಹೊಡೆಯಬೇಕು. ನಮಗೆ ಇಪ್ಪತ್ತನಾಲ್ಕು ಗೂಟ. ಸಡಿಲ ಬಿಟ್ಟರೆ ಚೆಂಡು ಬಿದ್ದ ಕಡೆ ಮ್ಯಾಟ್ ಮಡಿಚಿ ಬೌನ್ಸ್ ಎಲ್ಲೆಲ್ಲೋ ಹೋಗುತ್ತದೆ. ಅದಕ್ಕೇ ಬೆಳಿಗ್ಗೆ ಮೊದಲು ನೆಲ ಗುಡಿಸಿ, ನೀರು ಚಿಮುಕಿಸಿ, ಇಬ್ಬರು ಆ ತುದಿ, ಇಬ್ಬರು ಈ ತುದಿ ಹಿಡಿದು ಎಳೆದು, ಮೂಲೆಯಿಂದ ಮೂಲೆಗೆ ಗೂಟ ಹೊಡೆಯುತ್ತೇವೆ. ಒಂದು ಭಾನುವಾರ ಮಳೆ ಬಂತು ಅಂತ ಅವಸರದಲ್ಲಿ ಕಿತ್ತೆವು, ಎಣಿಸಲಿಲ್ಲ. ಒಂದು ಗೂಟ ನೆಲದಲ್ಲೇ ಉಳಿಯಿತು. ಶುಕ್ರವಾರ ಪರೇಡ್‌ನಲ್ಲಿ ನಮ್ಮ ಸಿಬ್ಬಂದಿಯೊಬ್ಬರು ಅದಕ್ಕೆ ಎಡವಿ ಬಿದ್ದು ಮಂಡಿ ಹರಿದುಕೊಂಡರು. ಎರಡು ವಾರ ಕ್ಲಬ್ ಬಂದ್. ನ್ಯಾಯವೇ ಅದು. ಅವತ್ತಿನಿಂದ ಗೂಟಗಳಿಗೆಲ್ಲ ಕೆಂಪು ಬಣ್ಣ. ಕಿತ್ತ ಮೇಲೆ ಒಬ್ಬ ಜೋರಾಗಿ ಎಣಿಸಬೇಕು, ಎಲ್ಲರೂ ಕೇಳಿಸಿಕೊಳ್ಳಬೇಕು.

ಆದರೆ ಕ್ಲಬ್ಬನ್ನು ನಿಜವಾಗಿ ಮುಳುಗಿಸಲು ಹೊರಟಿದ್ದು ಬಂದೋಬಸ್ತ್. 2024ರ ಲೋಕಸಭಾ ಚುನಾವಣೆ, ನಮ್ಮಲ್ಲಿ ಏಪ್ರಿಲ್ 26ಕ್ಕೆ ಮತದಾನ. ನಾಲ್ಕು ಜನರಿಗೂ ಡ್ಯೂಟಿ. ಐದು ಭಾನುವಾರ ಮೈದಾನಕ್ಕೆ ಯಾರೂ ಹೋಗಲಿಲ್ಲ. ಸಾಮಾನಿನ ಟ್ರಂಕಿನ ಕೀಲಿ ನನ್ನ ಜೇಬಿನಲ್ಲಿ. ಚುನಾವಣೆ ಮುಗಿಸಿ ಹೋದರೆ ಬಂದದ್ದು ಒಂಬತ್ತು ಹುಡುಗರು. ಎರಡು ಭಾನುವಾರ ಗೇಟ್ ಹತ್ತಿರ ಬಂದು ಕಾದು ವಾಪಸ್ ಹೋಗಿದ್ದರಂತೆ. ಕೇಳಿ ಹೊಟ್ಟೆ ಉರಿದು ಹೋಯಿತು. ನಮ್ಮ ನೌಕರಿಯಲ್ಲಿ ಗಣೇಶನ ವಿಸರ್ಜನೆ, ಜಾತ್ರೆ, ಚುನಾವಣೆ ಇದ್ದದ್ದೇ. ಇಂಥ ದಿನ ಕ್ಲಬ್ ನಡೆಯಬೇಕು ಅಂದ್ರೆ ಅದು ನಮ್ಮನ್ನು ನಂಬಿಕೊಂಡಿರಬಾರದು ಅಲ್ವಾ?

ಕೀಲಿಯ ಎರಡು ನಕಲು ಮಾಡಿಸಿದೆ. ಹದಿನೆಂಟು ದಾಟಿದ ಇಬ್ಬರು ಹುಡುಗರಿಗೆ ಒಂದೊಂದು ಕೊಟ್ಟೆ. ಇಬ್ಬರೂ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ಮಾಡುವವರು. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕಲ್ಲ, ಹೇಗೂ ಐದೂವರೆಗೇ ಮೈದಾನದಲ್ಲಿರುತ್ತಾರೆ. ಗೇಟ್ ಗಾರ್ಡ್‌ಗೆ ಲಿಖಿತ ಅನುಮತಿ ತೋರಿಸಿದೆವು. ನಾವಿಲ್ಲದ ದಿನ ಲೆದರ್ ಬಾಲ್ ಇಲ್ಲ, ಫುಟ್‌ಬಾಲ್ ಮತ್ತು ಟೆನಿಸ್ ಬಾಲ್ ಮಾತ್ರ. ಫಸ್ಟ್ ಏಡ್ ಡಬ್ಬ ಟ್ರಂಕಿನಲ್ಲೇ. ಪೊಲೀಸ್ ವಸತಿ ಲೈನ್‌ನಲ್ಲಿ ರಜೆಯಲ್ಲಿರುವ ಸಿಬ್ಬಂದಿ ಯಾರಾದರೂ ಒಬ್ಬರು ಬಂದು ಕೂರುತ್ತಾರೆ. ‘ಹುಡುಗರ ಕೈಗೆ ಕೀಲಿ ಕೊಟ್ರೆ ಸಾಮಾನು ಉಳಿಯುತ್ತಾ?’ ಅಂದವರು ಬಹಳ ಜನ. ಇವತ್ತಿನವರೆಗೆ ಒಂದು ಬೇಲ್ಸ್ ಕೂಡ ಕಳೆದಿಲ್ಲ.

ಮುಂದಿನ ವರ್ಷ ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ. ನಾಲ್ಕು ಜನರೂ ಬಂದೋಬಸ್ತ್‌ನಲ್ಲಿದ್ದೆವು. ಬೆಟ್ಟದ ಮೆಟ್ಟಿಲ ಬುಡದಲ್ಲಿ ನನ್ನ ಪಾಯಿಂಟ್. ಹುಡುಗರು ಅವತ್ತು ಮ್ಯಾಟನ್ನು ಮರದ ನೆರಳಲ್ಲಿ ಪ್ರೇಕ್ಷಕರು ಕೂರಲಿ ಅಂತ ಗೂಟ ಹೊಡೆದು ಹಾಸಿದ್ದರಂತೆ. ಎಂಟೂವರೆಗೆ ಫೋನ್ ಬಂತು, ಜನಜಂಗುಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು ಅಂದೆ.

‘ಇಪ್ಪತ್ತನಾಲ್ಕೂ ಇದೆ ಸಾರ್, ಟ್ರಂಕ್ ಬೀಗ ಹಾಕಿದ್ದೀವಿ.’