ಬೋರ್ಡ್ ಓದಿ, ಆಮೇಲೆ ಚೀಲ ಏರಿಸಿ

ನೆಲದ ಮೇಲೆ ಥಪ್ಪಿ ಹಾಕಿದರೆ ಚೀಲದ ಭಾರವನ್ನು ನೆಲವೇ ಹೊರುತ್ತದೆ. ಪ್ಯಾಲೆಟ್ ರ‍್ಯಾಕ್‌ನಲ್ಲಿ ಹಾಗಲ್ಲ. ಪ್ಯಾಲೆಟ್ ಅಂದರೆ ಚೀಲ ಪೇರಿಸುವ ಹಲಗೆ; ಅಂಥ ಹಲಗೆಗಳನ್ನು ಅಂತಸ್ತು ಅಂತಸ್ತಾಗಿ ಇಡುವ ಕಪಾಟೇ ಈ ರ‍್ಯಾಕ್. ತಗಡು ಮಡಚಿ ಮಾಡಿದ ಕಂಬ ಮತ್ತು ಕಂಬಗಳ ನಡುವಿನ ಅಡ್ಡಪಟ್ಟಿ, ಅಂದರೆ ಬೀಮ್‌ಗಳೇ ಟನ್‌ಗಟ್ಟಲೆ ಭಾರ ಹೊರಬೇಕು. ಅವು ಎಷ್ಟು ಹೊರುತ್ತವೆ ಎಂಬುದನ್ನು ಸಾಲಿನ ತುದಿಯಲ್ಲಿರುವ ಬೋರ್ಡ್ ಹೇಳುತ್ತದೆ. ಕಲಬುರಗಿಯ ಕಪನೂರ, ನಂದೂರು ಕಡೆಯ ಗೋದಾಮುಗಳಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಈ ಬೋರ್ಡ್ ಓದಲು ಬರಬೇಕು. ಮಾಲೀಕರಿಗಷ್ಟೇ ಗೊತ್ತಿದ್ದರೆ ಸಾಲದು. ಚೀಲ ಏರಿಸುವವರು ಹಮಾಲರು ಮತ್ತು ಫೋರ್ಕ್‌ಲಿಫ್ಟ್ ಚಾಲಕರು, ಅಲ್ವಾ?

ಮೊದಲು ಮೂರು ಅಂಕಿಗಳನ್ನು ಹುಡುಕಿ. ಒಂದು ಪ್ಯಾಲೆಟ್ ಎಷ್ಟು ತೂಗಬಹುದು ಎಂಬುದು ಯೂನಿಟ್ ಲೋಡ್. ಒಂದು ಜೋಡಿ ಬೀಮ್ ಮೇಲೆ ಒಟ್ಟು ಎಷ್ಟು ಇಡಬಹುದು ಎಂಬುದು ಲೆವೆಲ್ ಲೋಡ್. ಕಂಬಗಳ ಎರಡು ಚೌಕಟ್ಟುಗಳ (ಫ್ರೇಮ್) ನಡುವಿನ ಪೂರ್ತಿ ಅಂಕಣಕ್ಕೆ ಹೇಳಿದ್ದು ಬೇ ಲೋಡ್. ‘ಎಸ್‌ಡಬ್ಲ್ಯುಎಲ್’ ಅಂತ ಬರೆದಿದ್ದರೆ ಸುರಕ್ಷಿತವಾಗಿ ಹೊರಬಲ್ಲ ಗರಿಷ್ಠ ಭಾರ ಎಂದರ್ಥ.

ತಪ್ಪಾಗುವುದು ಮೂರನೆಯ ಅಂಕಿಯಲ್ಲಿ. ಬೋರ್ಡ್‌ನಲ್ಲಿ ಪ್ಯಾಲೆಟ್‌ಗೆ 1,000 ಕೆ.ಜಿ., ಲೆವೆಲ್‌ಗೆ 2,000 ಕೆ.ಜಿ., ಒಂದು ಬೇ ಪೂರ್ತಿಗೆ 7,000 ಕೆ.ಜಿ. ಎಂದಿದೆ ಅಂದುಕೊಳ್ಳಿ. ಬೀಮ್ ಲೆವೆಲ್‌ಗಳು ನಾಲ್ಕು. ಎರಡು ಸಾವಿರದಂತೆ ನಾಲ್ಕಕ್ಕೆ 8,000 ಆಯಿತಲ್ಲ ಎಂದು ಎಲ್ಲವನ್ನೂ ತುಂಬಿಬಿಟ್ಟರೆ ಕಂಬದ ಮೇಲೆ ಒಂದು ಟನ್ ಜಾಸ್ತಿ ಬಿತ್ತು. ಬೀಮ್‌ಗೆ ಒಂದು ಮಿತಿ, ಕಂಬಕ್ಕೆ ಇನ್ನೊಂದು ಮಿತಿ. ಎರಡನ್ನೂ ಮೀರಬಾರದು. ನೆಲದ ಮೇಲೇ ಇಟ್ಟ ಪ್ಯಾಲೆಟ್ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಕೆ.ಜಿ.ಯನ್ನು ಚೀಲಕ್ಕೆ ಇಳಿಸಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದೇ. 50 ಕೆ.ಜಿ.ಯ 20 ಚೀಲ ತೊಗರಿ ಅಂದರೆ ಸರಿಯಾಗಿ 1,000 ಕೆ.ಜಿ. ಆದರೆ ಕೆಳಗಿನ ಕಟ್ಟಿಗೆಯ ಪ್ಯಾಲೆಟ್ ಕೂಡ 20–25 ಕೆ.ಜಿ. ತೂಗುತ್ತದೆ. ಅದೂ ಲೆಕ್ಕಕ್ಕೆ ಸೇರಬೇಕು. ಹಾಗಾಗಿ 19 ಚೀಲಕ್ಕೆ ನಿಲ್ಲಿಸಿ. 30 ಕೆ.ಜಿ.ಯ ಬೇಳೆ ಚೀಲವಾದರೆ 32 ಸಾಕು. ಕಣ್ಣಳತೆಯನ್ನು ನಂಬಬೇಡಿ. ಎದೆಯೆತ್ತರ ತುಂಬಿದ ಹೊಟ್ಟಿನ ಪ್ಯಾಲೆಟ್ ಹಗುರ, ಅಷ್ಟೇ ಎತ್ತರದ ಬೇಳೆ ಪ್ಯಾಲೆಟ್ ಅದಕ್ಕಿಂತ ಎಷ್ಟೋ ಭಾರ. ನಿನ್ನೆ ಹೊಟ್ಟು ಇಟ್ಟಿದ್ದ ಜಾಗದಲ್ಲಿ ಇವತ್ತು ಬೇಳೆ ಇಡುವುದಾದರೆ ಮತ್ತೆ ಎಣಿಸಿ. ‘50 ಕೆ.ಜಿ. ಚೀಲವಾದರೆ ಒಂದು ಪ್ಯಾಲೆಟ್‌ಗೆ 19 ಮಾತ್ರ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬೋರ್ಡ್ ಪಕ್ಕದಲ್ಲೇ ಅಂಟಿಸಿ. ಹಿಂದಿ, ಉರ್ದು ಓದುವವರಿದ್ದರೆ ಅದರಲ್ಲೂ ಬರೆಯಿರಿ. ಬರೀ ಇಂಗ್ಲಿಷ್ ಬೋರ್ಡ್ ತೂಗುಹಾಕಿ ಕೈತೊಳೆದುಕೊಳ್ಳುವುದು ಸರಿಯಲ್ಲ.

‘ಯುಡಿಎಲ್’ ಎಂಬ ಅಕ್ಷರಗಳಿದ್ದರೆ ಭಾರ ಬೀಮ್‌ನ ಉದ್ದಕ್ಕೂ ಸಮನಾಗಿ ಹರಡಿರಬೇಕು. ಬೇಳೆ ಮಿಲ್ಲಿನಲ್ಲಿ ಸಿಪ್ಪೆ ಸುಲಿಯುವ ಎಮರಿ ರೋಲರ್, ಹಳೆಯ ಮೋಟರ್ ತಂದು ಬೀಮ್ ನಡುವೆ ಇಟ್ಟರೆ ಕಥೆ ಬೇರೆ. ಭಾರವೆಲ್ಲ ನಟ್ಟನಡುವೆ ಒಂದೇ ಕಡೆ ಬಿದ್ದರೆ ಬೀಮನ್ನು ಬಗ್ಗಿಸುವ ಒತ್ತಡ ಎರಡು ಪಟ್ಟಾಗುತ್ತದೆ. ಅಂಥ ಸಾಮಾನು ನೆಲದ ಮೇಲಿರಲಿ.

ಬೋರ್ಡ್‌ನಲ್ಲಿ ಮೊದಲ ಬೀಮ್‌ನ ಎತ್ತರ ಮತ್ತು ಬೀಮ್‌ಗಳ ನಡುವಿನ ಅಂತರ ಕೂಡ ಇರುತ್ತದೆ. ಸುಮ್ನೆ ಬರೆದದ್ದಲ್ಲ ಅದು. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬರತೊಡಗಿದರೆ ಗೋದಾಮಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಆಗ ಕೆಳಗಿನ ಬೀಮ್ ಬಿಚ್ಚಿ ಸ್ವಲ್ಪ ಮೇಲೆ ಸಿಕ್ಕಿಸೋಣ ಅನ್ನಿಸುತ್ತದೆ. ಆದರೆ ಕಂಬವನ್ನು ಅಲ್ಲಲ್ಲಿ ಹಿಡಿದು ನಿಲ್ಲಿಸುವುದೇ ಬೀಮ್‌ಗಳು. ಹಿಡಿತವಿಲ್ಲದ ಎತ್ತರ ಎರಡು ಪಟ್ಟಾದರೆ, ತೆಳ್ಳನೆಯ ಕಂಬ ಬಾಗದೆ ಹೊರಬಲ್ಲ ಭಾರ ಲೆಕ್ಕದ ಪ್ರಕಾರ ಕಾಲು ಭಾಗಕ್ಕೆ ಇಳಿಯುತ್ತದೆ. ಬೀಮ್ ಒಂದನ್ನು ಸರಿಸಿದರೂ ಹಳೆಯ ಬೋರ್ಡ್‌ಗೆ ಬೆಲೆಯಿಲ್ಲ. ರ‍್ಯಾಕ್ ಕೊಟ್ಟ ಕಂಪನಿಯಿಂದ ಹೊಸ ಲೆಕ್ಕ, ಹೊಸ ಬೋರ್ಡ್ ತರಿಸಿಕೊಳ್ಳಿ. ಬೋರ್ಡೇ ಇಲ್ಲದ ಹಳೆಯ ರ‍್ಯಾಕ್ ಕೊಂಡವರಿಗೂ ಇದೇ ದಾರಿ. ಪಕ್ಕದ ಗೋದಾಮಿನ ಬೋರ್ಡ್ ನೋಡಿ ಅಂದಾಜು ಮಾಡಬೇಡಿ. ಬಣ್ಣ ಒಂದೇ ಇದ್ದರೂ ತಗಡಿನ ದಪ್ಪ ಬೇರೆ ಇರಬಹುದು.

ಬೋರ್ಡ್‌ನ ಅಂಕಿ ಗಟ್ಟಿಮುಟ್ಟಾದ ರ‍್ಯಾಕ್‌ಗೆ ಮಾತ್ರ ಹೊಂದುತ್ತದೆ. ವಾರಕ್ಕೊಮ್ಮೆ ಒಂದು ಸುತ್ತು ಹಾಕಿ. ಬೀಮ್ ತುದಿಯ ಲಾಕ್ ಪಿನ್ ಇದೆಯಾ? ಕಂಬದ ಬುಡದ ಬೋಲ್ಟ್ ಬಿಗಿಯಾಗಿದೆಯಾ? ಫೋರ್ಕ್‌ಲಿಫ್ಟ್ ಗುದ್ದಿದ ಗುರುತು ಇದೆಯಾ? ಬೀಮ್ ತುಂಬಿದಾಗ ಸ್ವಲ್ಪ ಜಗ್ಗುವುದು ಸಹಜ. ಯುರೋಪಿನ ವಿನ್ಯಾಸ ನಿಯಮದಲ್ಲಿ ಉದ್ದದ ಇನ್ನೂರನೇ ಒಂದು ಭಾಗ ಮಿತಿ, ಅಂದರೆ 2.7 ಮೀಟರ್ ಬೀಮ್‌ಗೆ ಸುಮಾರು 13 ಮಿ.ಮೀ. ಖಾಲಿ ಮಾಡಿದ ಮೇಲೂ ಬೀಮ್ ನೆಟ್ಟಗಾಗದಿದ್ದರೆ ಬದಲಿಸಿ.

ಕಂಬ ಬಾಗಿದ್ದರೆ ಸುತ್ತಿಗೆಯಿಂದ ಬಡಿದು ಸರಿಮಾಡಲು ಹೋಗಬೇಡಿ. ವೆಲ್ಡಿಂಗ್ ಕೂಡ ಬೇಡ. ಒಂದೇ ಕಂಬ ಎಡಗಡೆಯ ಅಂಕಣಕ್ಕೂ ಬಲಗಡೆಯ ಅಂಕಣಕ್ಕೂ ಆಧಾರ. ಹಾಗಾಗಿ ಎರಡನ್ನೂ ಮೇಲಿನ ಲೆವೆಲ್‌ನಿಂದ ಶುರುಮಾಡಿ ಖಾಲಿ ಮಾಡಿ, ಹಗ್ಗ ಕಟ್ಟಿ ಜನ ಓಡಾಡದಂತೆ ತಡೆಯಿರಿ. ಹೊಸ ಕಂಬ ಬರುವವರೆಗೆ ಅಲ್ಲಿ ಒಂದು ಚೀಲವನ್ನೂ ಇಡಬೇಡಿ.