ಕ್ಯಾಲಿಪರ್‌ನಿಂದ ನೇರ ಸ್ಪ್ರೆಡ್‌ಶೀಟಿಗೆ: ನಂಬರ್ ಪ್ಯಾಡ್ ಕೀಗಳನ್ನೇ ಕಳಿಸಿದ ನನ್ನ ಅನುಭವ

ಡಿಜಿಟಲ್ ಕ್ಯಾಲಿಪರ್ (ದವಡೆಯಲ್ಲಿ ಹಿಡಿದು ಅಳೆಯುವ ಸಾಧನ) ತೋರಿಸುವ ಅಳತೆಯನ್ನು ಓದಿ, ಯುಎಸ್‌ಬಿ ಕೀಬೋರ್ಡಿನಂತೆ ನಟಿಸಿ ಸ್ಪ್ರೆಡ್‌ಶೀಟಿಗೆ ತಾನೇ ಟೈಪ್ ಮಾಡುವ ಪುಟ್ಟ ಬೋರ್ಡೊಂದನ್ನು ಮಾಡುತ್ತೇನೆ, ಅದೂ ನಂಬರ್ ಪ್ಯಾಡಿನ ಕೀಗಳಿಂದಲೇ ಅಂದಿದ್ದೆ. "ಕೀಬೋರ್ಡಿನ ಮೇಲಿನ ಸಾಲಿನ ಅಂಕಿ ಕಳಿಸಿದರೆ ಮುಗೀತಲ್ಲ, ನಂಬರ್ ಪ್ಯಾಡ್ ಯಾಕೆ ಬೇಕು?" ಅಂತ ಕೇಳಿದವರು ಒಬ್ಬಿಬ್ಬರಲ್ಲ. "ನಮ್ ಲಾಕ್ ಆನ್ ಇದೆಯೋ ಆಫ್ ಇದೆಯೋ ಬೋರ್ಡಿಗೆ ಹೇಗೆ ಗೊತ್ತಾಗಬೇಕು, ಅದು ಆಗೋ ಕೆಲಸ ಅಲ್ಲ ಬಿಡು" ಅಂತ ತೀರ್ಪು ಕೊಟ್ಟವರೂ ಇದ್ದರು. ಈಗ ಎರಡೂವರೆ ತಿಂಗಳಿಂದ ಅದೇ ಬೋರ್ಡು ನನ್ನ ಮೇಜಿನ ಮೇಲೆ ದಿನಾ ದುಡಿಯುತ್ತಿದೆ. ಡಿಜಿಟಲ್ ಕ್ಯಾಲಿಪರ್‌ನಲ್ಲಿ ಅಳತೆ ಹಿಡಿಯುತ್ತೇನೆ, ಕಾಲಿನಿಂದ ಪೆಡಲ್ ಒತ್ತುತ್ತೇನೆ, ಅಳತೆ ಸೆಲ್‌ನಲ್ಲಿ ಬಂದು ಕೂರುತ್ತದೆ, ಕರ್ಸರ್ ಕೆಳಗಿನ ಸಾಲಿಗೆ ಇಳಿಯುತ್ತದೆ. ಸರಿಯಾಗಿ ಲೆಕ್ಕ ಇಟ್ಟಿಲ್ಲ, ಆದರೂ ಆರು ಸಾವಿರ ಅಳತೆ ದಾಟಿರಬೇಕು. ಈಗಿನ ಕೋಡ್ ಹಾಕಿದ ಮೇಲೆ ಒಂದೂ ತಪ್ಪು ಅಂಕಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪಿಲ್ಲ ಅಂದುಕೊಂಡಿದ್ದೇನೆ.

ನನ್ನ ಹಟಕ್ಕೆ ಕಾರಣ ಇತ್ತು. ಈ ಬೋರ್ಡು ಒಂದೇ ಕಂಪ್ಯೂಟರಿಗೆ ಅಂಟಿಕೊಂಡು ಕೂರುವುದಲ್ಲ. ನನ್ನ ಲಿನಕ್ಸ್ ಯಂತ್ರದಲ್ಲಿ ಬಹಳ ಹೊತ್ತು ಕನ್ನಡ ಲೇಔಟ್ (ಯಾವ ಕೀಗೆ ಯಾವ ಅಕ್ಷರ ಅನ್ನೋ ಜೋಡಣೆ) ಇರುತ್ತದೆ. ಮೊದಲ ದಿನ ಎಲ್ಲರೂ ಹೇಳಿದ ಹಾಗೆ ಸುಮ್ನೆ ಮೇಲಿನ ಸಾಲಿನ ಅಂಕಿಗಳನ್ನೇ ಕಳಿಸಿ ನೋಡಿದೆ. 1247 ಬರಬೇಕಾದ ಕಡೆ ೧೨೪೭ ಬಂತು. ನೋಡೋಕೆ ಚೆಂದ, ನನ್ನ ಸೂತ್ರಗಳಿಗೆ ಪ್ರಯೋಜನವಿಲ್ಲ. ಫ್ರೆಂಚ್ ಲೇಔಟ್‌ನಲ್ಲಿ ಇನ್ನೂ ಮಜಾ, ಅಲ್ಲಿ ಮೇಲಿನ ಸಾಲಿನಲ್ಲಿ ಶಿಫ್ಟ್ ಇಲ್ಲದೆ ಅಂಕಿಯೇ ಬರುವುದಿಲ್ಲ, 1ರ ಜಾಗದಲ್ಲಿ & ಬರುತ್ತದೆ. ನಾವು ಕಳಿಸೋದು ಅಕ್ಷರ ಅಲ್ಲ, ಕೀ ಎಲ್ಲಿದೆ ಅನ್ನೋ ಜಾಗ ಮಾತ್ರ, ಉಳಿದದ್ದು ಆ ಕಡೆಯವರ ಲೇಔಟ್‌ಗೆ ಬಿಟ್ಟದ್ದು. ನಂಬರ್ ಪ್ಯಾಡಿನ ಅಂಕಿಗಳು ಮಾತ್ರ ನಾನು ನೋಡಿದ ಲೇಔಟ್‌ಗಳಲ್ಲೆಲ್ಲ ಅಂಕಿಗಳಾಗಿಯೇ ಉಳಿದವು. ಬಾರ್‌ಕೋಡ್ ಸ್ಕ್ಯಾನರ್‌ಗಳಲ್ಲೂ ನಂಬರ್ ಪ್ಯಾಡ್‌ನಂತೆ ನಟಿಸುವ ಸೆಟ್ಟಿಂಗ್ ಇರುತ್ತದೆ, ನಾನೇನು ಹೊಸದು ಕಂಡುಹಿಡಿದಿಲ್ಲ.

ಶುರು ಮಾಡಿದ್ದು ಎಟಿಟೈನಿ85 ಅನ್ನೋ ಮೈಕ್ರೊಕಂಟ್ರೋಲರ್ ಚಿಪ್ ಇರುವ ಪುಟ್ಟ ಬೋರ್ಡಿನಿಂದ. ಅಗ್ಗ ಅಂತ ಮೂರು ತಂದೆ. ಕೀ ಕಳಿಸೋದು ಅದರಲ್ಲಿ ಸಲೀಸು. ಆದರೆ ಆ ಚಿಪ್‌ನಲ್ಲಿ ಯುಎಸ್‌ಬಿ ಹಾರ್ಡ್‌ವೇರ್ ಇಲ್ಲ, ಅದರ ಬದಲು ವಿ-ಯುಎಸ್‌ಬಿ ಅನ್ನೋ ಕೋಡ್ ಸಾಫ್ಟ್‌ವೇರಿನಲ್ಲೇ ಒಂದೊಂದು ಬಿಟ್ ಎಣಿಸುತ್ತದೆ, ನಡುವೆ ಬೇರೆ ಇಂಟರಪ್ಟ್ (ತುರ್ತಾಗಿ ಗಮನ ಕೇಳುವ ಕೆಲಸ) ಸ್ವಲ್ಪ ಎಳೆದರೂ ಸಹಿಸುವುದಿಲ್ಲ. ಕ್ಯಾಲಿಪರ್ ನಮ್ಮ ಮಾತು ಕೇಳುವ ಸಾಧನ ಅಲ್ಲ, ತನಗೆ ಬೇಕಾದಾಗ ಕ್ಲಾಕ್ (ಈಗ ಬಿಟ್ ಓದು ಅನ್ನೋ ಸಿಗ್ನಲ್) ಕೊಡುತ್ತದೆ. ಯುಎಸ್‌ಬಿ, ಕ್ಯಾಲಿಪರ್ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಗಮನ ಬೇಕು. ಹತ್ತು ನಿಮಿಷ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಸಾಧನ ಗುರುತು ಸಿಗುತ್ತಿಲ್ಲ ಅನ್ನೋ ಸಂದೇಶ. ಎರಡು ವಾರಾಂತ್ಯ ಅದರಲ್ಲೇ ಹೋಯಿತು. ಮೂರರಲ್ಲಿ ಒಂದನ್ನು ಉಲ್ಟಾ ವೋಲ್ಟೇಜ್ ಕೊಟ್ಟು ನಾನೇ ಸುಟ್ಟೆ. ಆ ಮೂರರ ದುಡ್ಡಿಗೆ ಮೊದಲೇ ಚಿಪ್‌ನಲ್ಲೇ ಯುಎಸ್‌ಬಿ ಹಾರ್ಡ್‌ವೇರ್ ಇರುವ ಒಂದು ಎಟಿಮೆಗಾ 32ಯು4 ಬೋರ್ಡ್ ತಂದಿದ್ದರೆ ಆಗುತ್ತಿತ್ತು.

ಆಮೇಲೆ ಅದೇ ಚಿಪ್ ಇರುವ, ಪ್ರೊ ಮೈಕ್ರೊ ಅನ್ನೋ ಬೋರ್ಡಿನ ಮಾದರಿಯ ಕ್ಲೋನ್ ಎರಡು ತಂದೆ. ಒಂದರ ಯುಎಸ್‌ಬಿ ಕನೆಕ್ಟರ್ ಎರಡನೇ ವಾರಕ್ಕೇ ಟ್ರ್ಯಾಕ್ ಸಮೇತ ಕಿತ್ತು ಬಂತು. ಇನ್ನೊಂದಕ್ಕೆ ಮೊದಲೇ ಹಾಟ್ ಗ್ಲೂ ಸುರಿದೆ, ಅದೇ ಇವತ್ತಿನ ತನಕ ಬದುಕಿದೆ.

ಈಗ ನನ್ನ ಪೆದ್ದುತನದ ಕಥೆ. ಯುಎಸ್‌ಬಿ ಕೀಬೋರ್ಡಿನ ಪ್ರತಿ ಕೀಗೂ ಒಂದು ನಂಬರ್ ಕೊಡುವ ಎಚ್‌ಐಡಿ ಪಟ್ಟಿಯಲ್ಲಿ ನಂಬರ್ ಪ್ಯಾಡಿನ 1ಕ್ಕೆ ಹೆಕ್ಸ್ (ಹದಿನಾರರ ಲೆಕ್ಕ) 59, ಅಂದರೆ ನಮ್ಮ ಲೆಕ್ಕದಲ್ಲಿ 89. ಅದನ್ನು ಹಾಗೇ ಆರ್ಡುಯಿನೊ (ಇಂಥ ಬೋರ್ಡಿಗೆ ಕೋಡ್ ಬರೆಯುವ ವ್ಯವಸ್ಥೆ) ಕೀಬೋರ್ಡ್ ಲೈಬ್ರರಿಯ 'ರೈಟ್' ಅನ್ನೋ ಫಂಕ್ಷನ್‌ಗೆ ಕೊಟ್ಟೆ. 12.5 ಕಳಿಸಿದರೆ ಪರದೆ ಮೇಲೆ ವೈ, ಝಡ್, ಸಿ, ಆಮೇಲೆ ಒಂದು ಚೌಕ ಬ್ರಾಕೆಟ್. ಅರ್ಧ ಗಂಟೆ ವೈರಿಂಗ್ ಸರಿಯಿಲ್ಲ ಅಂತ ಮಲ್ಟಿಮೀಟರ್ ಹಿಡಿದು ಕೂತಿದ್ದೆ. ವಿಷಯ ಏನಪ್ಪಾ ಅಂದರೆ ಆ ಲೈಬ್ರರಿ 128ಕ್ಕಿಂತ ಕಡಿಮೆ ಇದ್ದದ್ದನ್ನೆಲ್ಲ ಆಸ್ಕಿ (ಇಂಗ್ಲಿಷ್ ಅಕ್ಷರಗಳ ನಂಬರ್ ಪಟ್ಟಿ) ಅಕ್ಷರ ಅಂದುಕೊಳ್ಳುತ್ತದೆ, ಆಸ್ಕಿಯಲ್ಲಿ 89 ಅಂದರೆ ಕ್ಯಾಪಿಟಲ್ ವೈ. ಎಚ್‌ಐಡಿ ಪಟ್ಟಿಯ ಕಚ್ಚಾ ಕೋಡ್ ಬೇಕಿದ್ದರೆ 136 ಕೂಡಿಸಿ ಕೊಡಬೇಕು. ಅಲ್ಲಿಗೆ 1ಕ್ಕೆ 225, ಚುಕ್ಕಿಗೆ 235, ಮೈನಸ್‌ಗೆ 222, ಎಂಟರ್‌ಗೆ 224. ಈಗಿನ ಲೈಬ್ರರಿಯಲ್ಲಿ ಈ ಕೀಗಳಿಗೆಲ್ಲ ಹೆಸರೇ ಇದೆ, ನನ್ನ ಹತ್ತಿರ ಇದ್ದದ್ದು ಹಳೆಯದು.

ಅಲ್ಲಿಂದ ಮುಂದಿನ ಗುಂಡಿ ಸೊನ್ನೆಯದು. 224ಕ್ಕೆ ಅಂಕಿ ಕೂಡಿಸಿದರೆ ಆಯ್ತು ಅಂತ ಒಂದೇ ಸಾಲಿನಲ್ಲಿ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. 1ರಿಂದ 9ರ ತನಕ ಸರಿ. 0 ಬಂದಾಗ 224, ಅಂದರೆ ಎಂಟರ್! 10.05 ಅಳತೆ ಮೂರು ಸಾಲಿಗೆ ಚೆಲ್ಲಿ ಹೋಯಿತು: ಒಂದರಲ್ಲಿ 1, ಕೆಳಗೆ ಬರೀ ಚುಕ್ಕಿ, ಅದರ ಕೆಳಗೆ 5. ಪಟ್ಟಿಯಲ್ಲಿ ಸೊನ್ನೆ ಇರುವುದು ಒಂಬತ್ತು ಆದ ಮೇಲೆ, ನಮ್ಮ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಇರುವ ಹಾಗೆಯೇ. ಅದು 234. ಇದು ಸರಿಯಾಯಿತು ಅನ್ನುವಷ್ಟರಲ್ಲಿ 10.05 ಬದಲು 10.5 ಬರತೊಡಗಿತು. ಅದು ಕೀಬೋರ್ಡಿನ ತಪ್ಪಲ್ಲ, ಕ್ಯಾಲಿಪರ್‌ನಿಂದ 1005 ಅಂತ ಬರುವ ಅಳತೆಯನ್ನು ನೂರರಿಂದ ಭಾಗಿಸಿ ಉಳಿದ ಶೇಷಕ್ಕೆ ಮುಂದೆ ಸೊನ್ನೆ ಹಾಕೋದನ್ನು ನಾನೇ ಮರೆತಿದ್ದೆ. ಗೊತ್ತಾಗೋ ಮೊದಲು ಸುಮಾರು ಇನ್ನೂರು ಅಳತೆ ಆ ಕಡತಕ್ಕೆ ಹೋಗಿದ್ದವು, ಎಲ್ಲವನ್ನೂ ಮತ್ತೆ ಅಳೆದೆ.

ಕ್ಯಾಲಿಪರ್ ಓದುವ ಭಾಗ ಸರಳ. ಅದು ಕಳಿಸೋದು 24 ಬಿಟ್, ಚಿಕ್ಕ ಬೆಲೆಯ ಬಿಟ್ ಮೊದಲು, ಎಣಿಕೆ ಮಿಲಿಮೀಟರ್‌ನ ನೂರನೇ ಒಂದು ಭಾಗದಲ್ಲಿ, 21ನೇ ಬಿಟ್ ಮೈನಸ್ ಗುರುತು. 1.5 ವೋಲ್ಟ್ ಸಿಗ್ನಲ್ ಬೋರ್ಡಿಗೆ ಸಾಲದು, ಆದ್ದರಿಂದ ಎರಡು ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿದೆ, ಬಿಟ್‌ಗಳು ಉಲ್ಟಾ ಆಗುತ್ತವೆ, ಕೋಡಿನಲ್ಲಿ ಮತ್ತೆ ಉಲ್ಟಾ ಮಾಡಿದೆ. ಒಂದೇ ಮಾತು: ಮೂರು ಓದು ಒಂದೇ ಆಗಿದ್ದರೆ ಮಾತ್ರ ಕಳಿಸಿ. ದವಡೆ ಅಲುಗುವಾಗ ಪೆಡಲ್ ಒತ್ತಿದರೆ ಬರುವ ಸುಳ್ಳು ಅಳತೆ ಇಲ್ಲೇ ನಿಂತುಬಿಡುತ್ತದೆ.

ಇನ್ನು ನಮ್ ಲಾಕ್. ಅದು ಆಫ್ ಇದ್ದರೆ 8 ಅಂದರೆ ಮೇಲಕ್ಕೆ, 4 ಅಂದರೆ ಎಡಕ್ಕೆ, 7 ಅಂದರೆ ಹೋಮ್. 48.27 ಅನ್ನೋ ಅಳತೆ ಕರ್ಸರನ್ನು ಹಾಳೆ ತುಂಬ ಕುಣಿಸಿತು. ನನ್ನ ಮೊದಲ ಉಪಾಯ, ಬೋರ್ಡ್ ಚುಚ್ಚಿದ ತಕ್ಷಣ ನಮ್ ಲಾಕ್ ಒಂದು ಸಲ ಒತ್ತಿಬಿಡೋದು. ಮೊದಲೇ ಆನ್ ಇದ್ದ ಯಂತ್ರದಲ್ಲಿ ಅದು ಆಫ್ ಆಯಿತು, ಅಷ್ಟಕ್ಕೇ ಮುಗಿಯಲಿಲ್ಲ. ಗೆಳೆಯನೊಬ್ಬನ ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿ ತೋರಿಸಿ, ಬೋರ್ಡ್ ಕಿತ್ತುಕೊಂಡು ಬಂದೆ. ಸಂಜೆ ಫೋನ್ ಮಾಡಿದ. "ಏನ್ ಮಾಡಿದೀಯೋ ಮಾರಾಯ, ಪಾಸ್‌ವರ್ಡ್ ತಗೊಳ್ತಾನೇ ಇಲ್ಲ!" ಆ ಲ್ಯಾಪ್‌ಟಾಪಿಗೆ ಬೇರೆ ನಂಬರ್ ಪ್ಯಾಡ್ ಇಲ್ಲ, ನಮ್ ಲಾಕ್ ಆನ್ ಆದರೆ ಜೆ, ಕೆ, ಎಲ್ ಕೀಗಳೇ 1, 2, 3 ಆಗುತ್ತವೆ. ಅವನು ಅಕ್ಷರ ಒತ್ತಿದ್ದಾನೆ, ಒಳಗೆ ಅಂಕಿ ಹೋಗಿದೆ, ಪರದೆಯಲ್ಲಿ ಬರೀ ಚುಕ್ಕೆ ಕಾಣುವುದರಿಂದ ಅವನಿಗೆ ಹೇಗೆ ಗೊತ್ತಾಗಬೇಕು ಪಾಪ.

ಪರಿಹಾರ ಕೀಬೋರ್ಡಿನ ಆ ಪುಟ್ಟ ದೀಪದಲ್ಲೇ ಇತ್ತು. ನಮ್ ಲಾಕ್ ದೀಪ ಹೊತ್ತಿಸೋದು ಕೀಬೋರ್ಡ್ ಅಲ್ಲ, ಕಂಪ್ಯೂಟರ್. ಅದು ಔಟ್‌ಪುಟ್ ರಿಪೋರ್ಟ್ ಅಂತ ಒಂದು ಬೈಟ್ ಕಳಿಸುತ್ತದೆ, ಅದರ ಸೊನ್ನೆನೇ ಬಿಟ್ ನಮ್ ಲಾಕ್, ಮುಂದಿನದು ಕ್ಯಾಪ್ಸ್, ಆಮೇಲೆ ಸ್ಕ್ರೋಲ್. ಬೋರ್ಡಿಗೆ ಗೊತ್ತಾಗೋದೇ ಇಲ್ಲ ಅಂದವರು ತಮ್ಮ ಕೀಬೋರ್ಡಿನ ದೀಪವನ್ನು ಒಂದು ಸಲ ನೋಡಿದ್ದರೆ ಸಾಕಿತ್ತು, ಅಲ್ವಾ? ಆರ್ಡುಯಿನೊದ ಮಾಮೂಲಿ ಲೈಬ್ರರಿ ಆ ಬೈಟನ್ನು ನನಗೆ ಕೊಡಲಿಲ್ಲ, ಹಾಗಾಗಿ ಎಚ್‌ಐಡಿ-ಪ್ರಾಜೆಕ್ಟ್ ಅನ್ನೋ ಬೇರೆ ಲೈಬ್ರರಿಯ 'ಬೂಟ್ ಕೀಬೋರ್ಡ್' ಭಾಗಕ್ಕೆ ಹೋದೆ, ಅದರಲ್ಲಿ ದೀಪ ಓದುವ ಫಂಕ್ಷನ್ ಇದೆ.

ಅಲ್ಲೂ ಒಂದು ಏಟು ತಿಂದೆ. ಹೊಸ ಲೈಬ್ರರಿಯ ಕೀಕೋಡಿಗೆ ಕಚ್ಚಾ ನಂಬರೇ ಸಾಕು, 136 ಕೂಡಿಸಬಾರದು. ನಾನು ಹಳೆಯ ನಂಬರುಗಳನ್ನೇ ನಕಲು ಮಾಡಿದ್ದೆ. ಕಚ್ಚಾ ಲೆಕ್ಕದಲ್ಲಿ 225 ಅಂದರೆ ಎಡ ಶಿಫ್ಟ್, 226 ಎಡ ಆಲ್ಟ್, 227 ವಿಂಡೋಸ್ ಕೀ. ಅಳತೆಯಲ್ಲಿ 3 ಬಂದಾಗಲೆಲ್ಲ ಸ್ಟಾರ್ಟ್ ಮೆನು ತೆರೆದುಕೊಳ್ಳುತ್ತಿತ್ತು. ಮನೆಯವರು ವೈರಸ್ ಹೊಕ್ಕಿದೆ ಅಂತಲೇ ನಂಬಿದ್ದರು.

ಈಗಿನ ಕ್ರಮ ಹೀಗಿದೆ. ದೀಪ ನೋಡು, ಆರಿದ್ದರೆ ನಮ್ ಲಾಕ್ ಒತ್ತು, ದೀಪ ಹೊತ್ತುವ ತನಕ ಕಾಯಿ, ಅಂಕಿ ಕಳಿಸು, ಕೊನೆಗೆ ಮೊದಲು ಹೇಗಿತ್ತೋ ಹಾಗೇ ಮಾಡಿ ಬಿಡು. ಚುಚ್ಚಿದ ಕೂಡಲೇ ದೀಪ ಓದಬೇಡಿ, ಕಂಪ್ಯೂಟರ್ ಆ ಬೈಟನ್ನು ಇನ್ನೂ ಕಳಿಸಿರುವುದಿಲ್ಲ, ನಾನು ಒಂದೂವರೆ ಸೆಕೆಂಡ್ ಬಿಡುತ್ತೇನೆ. ಮ್ಯಾಕ್‌ನಲ್ಲಿ ನಮ್ ಲಾಕ್ ಅನ್ನೋದೇ ಇಲ್ಲ, ಅಂಕಿ ಯಾವಾಗಲೂ ಅಂಕಿ, ಅದೇ ಕೀ ಅಲ್ಲಿ ಕ್ಲಿಯರ್ ಆಗಿ ಕೆಲಸ ಮಾಡುತ್ತದೆ. ದೀಪ ಹೊತ್ತಲಿ ಅಂತ ನನ್ನ ಬೋರ್ಡ್ ಅಲ್ಲಿ ಕ್ಲಿಯರ್ ಮೇಲೆ ಕ್ಲಿಯರ್ ಒತ್ತುತ್ತಾ ಕೂತಿತ್ತು. ಈಗ ಮ್ಯಾಕ್ ಅಂತ ಅದೇ ಗುರುತಿಸಿ ಸುಮ್ಮನಾಗುತ್ತದೆ. ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ, ಆರು ಸಾಲಿನ ಕೋಡ್, ತಲೆ ಕೆಡಿಸಿಕೊಂಡರೆ ನಿಮಗೂ ಹೊಳೆಯುತ್ತದೆ.

ವೇಗದ ವಿಷಯದಲ್ಲಿ ದುರಾಸೆ ಬೇಡ. ಒತ್ತಿ 3 ಮಿಲಿಸೆಕೆಂಡ್, ಬಿಟ್ಟು 3 ಅಂತ ಇಟ್ಟಾಗ ನನ್ನ ಯಂತ್ರದಲ್ಲಿ ಸರಿ ಇತ್ತು, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅಂಕಿ ನುಂಗಿ ಹೋಗುತ್ತಿದ್ದವು. 12 ಮಾಡಿದೆ, ನಿಂತಿತು. ಐದಾರು ಅಂಕಿಗೆ ಅದರಿಂದ ಏನೂ ತಡವಾಗುವುದಿಲ್ಲ. ನಡುವೆ ಕೀ ಬಿಡೋದನ್ನು ಮರೆತರೆ 11.11ರಲ್ಲಿ ಜೋಡಿ ಅಂಕಿ ಒಂದೇ ಆಗುತ್ತದೆ, ಒತ್ತಿದ ಮೇಲೆ ಕೋಡ್ ಎಲ್ಲಾದರೂ ಸಿಕ್ಕಿಕೊಂಡರೆ ಕಂಪ್ಯೂಟರ್ ತಾನೇ ಆ ಅಂಕಿಯನ್ನು ಪುಟಗಟ್ಟಲೆ ಸುರಿಯುತ್ತದೆ. ಒಂದು ಪಿನ್ ಗ್ರೌಂಡಿಗೆ ತಾಕಿದ್ದರೆ ಮಾತ್ರ ಟೈಪ್ ಮಾಡು ಅನ್ನೋ ಜಂಪರ್ (ಪಿನ್ ಜೋಡಿಸುವ ಪುಟ್ಟ ತುಂಡು) ಮೊದಲ ದಿನವೇ ಹಾಕಿ. ನಾನು ಹಾಕಿರಲಿಲ್ಲ. ಬೋರ್ಡ್ ನನ್ನ ಕೋಡಿನ ಒಳಗೇ ಟೈಪ್ ಮಾಡತೊಡಗಿತು, ರೀಸೆಟ್ ಆದ ಮೇಲೆ ಬೂಟ್‌ಲೋಡರ್ ಹೊಸ ಕೋಡಿಗಾಗಿ ಕಾಯುವ ಆ ಎಂಟು ಸೆಕೆಂಡಿನಲ್ಲಿ ಅದನ್ನು ತೂರಿಸೋಕೆ ಹತ್ತು ಸಲವಾದರೂ ರೀಸೆಟ್ ಒತ್ತಿರಬೇಕು.

ಚುಕ್ಕಿಯ ಬಗ್ಗೆ ಒಂದು ಮಾತು. ಅಂಕಿಗಳು ಲೇಔಟ್‌ಗೆ ಜಗ್ಗುವುದಿಲ್ಲ, ಚುಕ್ಕಿ ಜಗ್ಗುತ್ತದೆ. ಜರ್ಮನ್ ಲೇಔಟ್ ಹಾಕಿದರೆ ಅದೇ ಕೀ ಅಲ್ಪವಿರಾಮ ಕೊಡುತ್ತದೆ. ಜರ್ಮನ್ ಸ್ಪ್ರೆಡ್‌ಶೀಟ್‌ನಲ್ಲಿ ಅದೇ ಬೇಕು, ಇಂಗ್ಲಿಷ್ ಸ್ಪ್ರೆಡ್‌ಶೀಟ್ ಇದ್ದು ಲೇಔಟ್ ಜರ್ಮನ್ ಆಗಿದ್ದರೆ ಗೋವಿಂದ. ಅಂಥ ಕಡೆ ನಾನು ಚುಕ್ಕಿಯನ್ನೇ ಬಿಟ್ಟು 1247 ಅಂತ ಕಳಿಸಿ, ಪಕ್ಕದ ಕಾಲಮ್ಮಿನಲ್ಲಿ ನೂರರಿಂದ ಭಾಗಿಸುತ್ತೇನೆ.

ಇದರ ನಡುವೆ ಸುಮ್ನೆ ಒಂದು ಅಡ್ಡದಾರಿ ಹಿಡಿದೆ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ನಂಬರ್ ಪ್ಯಾಡಿನಲ್ಲಿ 0177 ಒತ್ತಿದರೆ ± ಬರುತ್ತದೆ, 0176ಕ್ಕೆ °, 0216ಕ್ಕೆ ವ್ಯಾಸದ ಗುರುತಾಗಿ ಬಳಸೋ ಆ ಗೀಟು ಹಾಕಿದ ಸೊನ್ನೆಯಂಥ ಅಕ್ಷರ. ಇದಕ್ಕೆ ಮೇಲಿನ ಸಾಲಿನ ಅಂಕಿ ನಡೆಯುವುದಿಲ್ಲ, ನಂಬರ್ ಪ್ಯಾಡೇ ಆಗಬೇಕು. ಪೆಡಲನ್ನು ಎರಡು ಸಲ ಒತ್ತಿದರೆ ವ್ಯಾಸದ ಗುರುತು ಸೇರುವ ಹಾಗೆ ಮಾಡಿದೆ. ಅಷ್ಟಕ್ಕೆ ನಿಲ್ಲಿಸದೆ ಕನ್ನಡವೇ ಯಾಕೆ ಕಳಿಸಬಾರದು ಅನ್ನಿಸಿತು. 'ಕ' ಯುನಿಕೋಡ್‌ನಲ್ಲಿ 3221. ವರ್ಡ್‌ಪ್ಯಾಡ್‌ನಲ್ಲಿ ಆಲ್ಟ್ ಹಿಡಿದು 3221 ಕಳಿಸಿದೆ, 'ಕ' ಬಂತು! ಕುಣಿದಾಡಿ ಹಳೆಯ ನೋಟ್‌ಪ್ಯಾಡ್‌ಗೆ ಅದನ್ನೇ ಕಳಿಸಿದರೆ ತಲೆ ಮೇಲೆ ಗೀಟು ಹೊತ್ತ ಒಂದು ಇಂಗ್ಲಿಷ್ ಓ. ಅಲ್ಲಿ 256ರಿಂದ ಭಾಗಿಸಿ ಉಳಿದ 149 ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಂದು ರಾತ್ರಿ ಇದರಲ್ಲೇ ಕಳೆಯಿತು, ಉಪಯೋಗ ಸೊನ್ನೆ, ಆದರೂ ಬೇಜಾರಿಲ್ಲ.

ದುಡ್ಡಿನ ಲೆಕ್ಕ ಕೇಳಿದರೆ, ಸುಟ್ಟದ್ದು ಮುರಿದದ್ದು ಎಲ್ಲ ಸೇರಿ ಕ್ಯಾಲಿಪರ್‌ನ ಬೆಲೆಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಒಳ್ಳೆಯ ಕ್ಯಾಲಿಪರ್‌ಗಳಿಗೆ ಇದೇ ಕೆಲಸದ ರೆಡಿಮೇಡ್ ಕೇಬಲ್ ಸಿಗುತ್ತದೆ, ನಾನು ನೋಡಿದ ಒಂದರ ದುಡ್ಡಿಗೆ ನನ್ನಂಥ ಅಗ್ಗದ ಕ್ಯಾಲಿಪರ್ ಮೂರ್ನಾಲ್ಕು ಬರುತ್ತವೆ. ಈಗ ಇನ್ನೊಂದು ಮಾಡಬೇಕಾದರೆ ಬೋರ್ಡು, ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಒಂದು ಪೆಡಲ್, ಅಷ್ಟೇ ಖರ್ಚು. ಆಗೋ ಕೆಲಸ ಅಲ್ಲ ಅಂದವರಲ್ಲೇ ಒಬ್ಬರು ತಮಗೂ ಒಂದು ಮಾಡಿಕೊಡು ಅಂತ ಬೋರ್ಡು ತಂದು ಕೊಟ್ಟು ಹೋಗಿದ್ದಾರೆ.

ಒಂದು ಕಿರಿಕಿರಿ ಮಾತ್ರ ಬಹಳ ದಿನ ಕಾಡಿತು. ಕ್ಯಾಲಿಪರ್‌ನ ಸೆಲ್ ವಾರ ವಾರ ಖಾಲಿ. ಕೋಡ್ ಹುಡುಕಿದೆ, ಟ್ರಾನ್ಸಿಸ್ಟರ್ ಬದಲಿಸಿದೆ. ಕೊನೆಗೆ ನೋಡಿದರೆ ಈ ಕ್ಯಾಲಿಪರ್‌ನ ಲೋಹದ ಮೈ ಸೆಲ್‌ನ ಪ್ಲಸ್‌ಗೆ ತಾಕಿಕೊಂಡಿದೆ, ಮೈನಸ್ಸನ್ನು ನಾನು ಯುಎಸ್‌ಬಿ ಗ್ರೌಂಡಿಗೆ ಸೇರಿಸಿದ್ದೇನೆ, ಅಳೆದು ಮುಗಿಸಿ ಕ್ಯಾಲಿಪರನ್ನು ತಂದು ಇಡೋದು ಕಂಪ್ಯೂಟರಿನ ತಗಡಿನ ಪೆಟ್ಟಿಗೆ ಮೇಲೆ. ಆ ಪೆಟ್ಟಿಗೆಯೂ ಅದೇ ಗ್ರೌಂಡ್, ಹಾಗಾಗಿ ಪ್ಲಸ್ ಮೈನಸ್ ಎರಡೂ ಸೇರಿ ಸೆಲ್ ಶಾರ್ಟ್ ಆಗುತ್ತಿತ್ತು. ಈಗ ಅಲ್ಲೊಂದು ಮರದ ಹಲಗೆ ಇಟ್ಟಿದ್ದೇನೆ.